ಟೇಪು ಬಿಚ್ಚುವ ಬೆರಳು

ಕಣ್ಣಿನ ಗೀಜು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮಕ್ಕಳು ಚಿಕ್ಕವರಿದ್ದಾಗ ಅವರ ಮೂಗು ಒರೆಸಿದ್ದೇನೆ, ವಾಂತಿ ಬಳಿದಿದ್ದೇನೆ, ಏನೂ ಅನ್ನಿಸಿರಲಿಲ್ಲ. ಆದರೆ ಬೆಳಗಿನ ಕಣ್ಣಿನ ಮೂಲೆಯಲ್ಲಿ ಕೂತಿರುವ ಆ ಹಳದಿ, ಅರ್ಧ ಒಣಗಿ ಅರ್ಧ ಹಸಿಯಾಗಿ ರೆಪ್ಪೆಗೂದಲಿಗೆ ಕಚ್ಚಿಕೊಂಡಿರುವ ಆ ಲೋಳೆ, ಅದನ್ನು ನೋಡಿದರೆ ಗಂಟಲಿಗೆ ಏನೋ ಬಂದು ನಿಲ್ಲುತ್ತದೆ. ಅಂಥ ನಾನು ಕಳೆದ ವರ್ಷ ಐದಾರು ತಿಂಗಳು ದಿನವೂ ಬೆಳಗ್ಗೆ ನನ್ನ ಗಂಡನ ಬಲಗಣ್ಣಿನ ಗೀಜು ಒರೆಸಿದೆ. ಹೀಗೆ ಹೇಳಿದರೆ ಸೇವೆ ಮಾಡಿದ ಹೆಂಡತಿಯ ಕಥೆಯಂತೆ ಕೇಳಿಸಬಹುದು. ಅಲ್ಲ. ಆ ಕಣ್ಣು ನನ್ನ ಕೈಯಿಂದಲೇ ಹೋಗುವುದರಲ್ಲಿತ್ತು.

ನಾವಿರುವುದು ಬಸವೇಶ್ವರನಗರದಲ್ಲಿ. ವಿಜಯನಗರದಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು ಮಾರುವ ಅಂಗಡಿ. ಅದು ನಡೆಯುವುದೇ ಅವರ ಬಲಗಣ್ಣಿನಿಂದ. ಎಡಗಣ್ಣು ಹುಟ್ಟಿನಿಂದಲೇ ಮಂದ. ಕನ್ನಡಕ ಹಾಕಿದರೂ ಎದುರು ನಿಂತವರು ಗಂಡಸೋ ಹೆಂಗಸೋ ಅನ್ನುವಷ್ಟು ಮಾತ್ರ ಕಾಣುತ್ತದೆ. ಬಲಗಣ್ಣು ಮಾತ್ರ ಹದ್ದಿನದು. ಯಾರಾದರೂ ಸೀರೆಯ ಸೆರಗನ್ನು ಕೌಂಟರಿನ ಮೇಲೆ ಹಾಸಿದರೆ ಸಾಕು, ಗೋಡೆ ತುಂಬ ಜೋಡಿಸಿಟ್ಟ ಬಟ್ಟೆಯ ಸುರುಳಿಗಳಲ್ಲಿ ಅವರ ಕೈ ನೇರವಾಗಿ ಹೋಗಿ ಅದೇ ಹಸಿರಿನ ಮೇಲೆ ನಿಲ್ಲುತ್ತದೆ. "ಇದು ಗಿಳಿ ಹಸಿರಲ್ಲಮ್ಮ, ಗಿಳಿಮರಿ ಹಸಿರು" ಅನ್ನುತ್ತಾರೆ. ಹೆಂಗಸರು ನಗುತ್ತಾರೆ, ಅರ್ಧ ಮೀಟರ್ ಜಾಸ್ತಿ ತೆಗೆದುಕೊಂಡು ಹೋಗುತ್ತಾರೆ.

ಜೂನಿನ ಒಂದು ಬೆಳಗ್ಗೆ ಅವರು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಾಯಿಯ ಒಂದು ಮೂಲೆಯಿಂದ ಸೋರಿ ಬನಿಯನ್ನಿನ ಮೇಲೆ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಬಲಭಾಗ ಪೂರ್ತಿ ಜೋತುಬಿದ್ದಿದೆ. ಡಾಕ್ಟರು, ಮುಖದ ನರ ಊದಿಕೊಂಡಿದೆ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ ಅಂದರು. "ಮುಖದ ಚಿಂತೆ ಬಿಡಿ ಸಾರ್, ಕಣ್ಣು ನೋಡ್ಕೊಳ್ಳಿ" ಎಂದೂ ಅಂದರು. ಆ ಕಡೆಯ ರೆಪ್ಪೆ ಮುಚ್ಚುತ್ತಿರಲಿಲ್ಲ. ರೆಪ್ಪೆ ಮುಚ್ಚದಿದ್ದರೆ ನಿದ್ದೆಯಲ್ಲಿ ಕಣ್ಣು ಒಣಗುತ್ತದೆ, ಒಣಗಿದ ಕಣ್ಣಿನ ಕಪ್ಪುಗುಡ್ಡೆಗೆ ಗೀರು ಬಿದ್ದು ಹುಣ್ಣಾಗುತ್ತದೆ, ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತದೆ. ಇವರಿಗೆ ಇರುವುದೇ ಒಂದು ಕಣ್ಣು.

ಹಾಗಾಗಿ ಹಗಲು ಗಂಟೆಗೊಮ್ಮೆ ಡ್ರಾಪ್ಸ್. ಮಲಗುವಾಗ ಕೆಳರೆಪ್ಪೆ ಎಳೆದು ತುಪ್ಪದಂಥ ಮುಲಾಮು ತುಂಬಿ, ರೆಪ್ಪೆಯನ್ನು ಬೆರಳಿನಿಂದ ಕೆಳಗಿಳಿಸಿ, ಕಾಗದದಂಥ ಬಿಳಿ ಟೇಪು ಅಂಟಿಸುವುದು. ಮುಚ್ಚಲು ಪ್ರಯತ್ನಿಸಿದಾಗಲೆಲ್ಲ ಗುಡ್ಡೆ ಮೇಲಕ್ಕೆ ಹೊರಳಿ ಬರೀ ಬಿಳಿ ಕಾಣಿಸುತ್ತಿತ್ತು. ಸಂತೆಯಲ್ಲಿ ಮಂಜುಗಡ್ಡೆಯ ಮೇಲಿಟ್ಟ ಮೀನಿನ ಕಣ್ಣಿನ ಹಾಗೆ. ಇಪ್ಪತ್ತಾರು ವರ್ಷ ಜೊತೆಗಿದ್ದ ಗಂಡನ ಕಣ್ಣನ್ನು ಹೀಗೆ ಅನ್ನಬಾರದು. ಆದರೆ ನನಗೆ ಅನ್ನಿಸಿದ್ದು ಅದೇ.

ಬೆಳಗ್ಗೆ ಅದಕ್ಕಿಂತ ಕೆಟ್ಟದ್ದು. ರಾತ್ರಿಯ ಮುಲಾಮು, ಕಣ್ಣೀರು, ಗೀಜು ಎಲ್ಲ ಸೇರಿ ಟೇಪಿನ ಕೆಳಗೆ ಗಂಜಿಯಾಗಿರುತ್ತಿತ್ತು. ಹುಳಿ ಹುಳಿ ವಾಸನೆ. ಅವರು ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮುಖ ಮೇಲೆತ್ತುವರು. ನಾನು ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಟೇಪು ನೆನೆಸಿ, ಮೂಗಿನ ಕಡೆಯಿಂದ ಮೆಲ್ಲಗೆ ಬಿಡಿಸುವೆ. ರೆಪ್ಪೆ ತೆರೆಯುವ ಗಳಿಗೆಯಲ್ಲಿ ಅವರು ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚುವರು. ಎಷ್ಟೇ ಮುಲಾಮು ಹಾಕಿದರೂ ಎಲ್ಲೋ ಒಂದೆಳೆ ಸಂದಿಯಲ್ಲಿ ಗಾಳಿ ನುಗ್ಗಿ ಒಣಗಿರುತ್ತಿತ್ತು. "ಮರಳು ತುಂಬಿ ಉಜ್ಜಿದ ಹಂಗಿದೆ ಕಣೇ" ಅನ್ನುತ್ತಿದ್ದರು. ಡ್ರಾಪ್ಸ್ ಬಿಟ್ಟ ಮೇಲೆ ಐದು ನಿಮಿಷಕ್ಕೆ ಉರಿ ಇಳಿಯುವುದು. ನಾನು ಅಷ್ಟರಲ್ಲಿ ಬಚ್ಚಲಿಗೆ ಓಡಿ ಸೋಪು ಹಾಕಿ ಎರಡು ಸಲ, ಮೂರು ಸಲ ಕೈ ತೊಳೆಯುತ್ತಿದ್ದೆ. ಮುಟ್ಟಿದ ಮೇಲೆ ತೊಳೆಯುತ್ತಿದ್ದೆ. ಇದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ನಮ್ಮ ಎದುರು ಮನೆಯ ಆಂಟಿ ಕಾಂಪೌಂಡಿನ ಆಚೆಯಿಂದಲೇ, "ಕೆಳಗಿನ ಮನೆ ಹುಡುಗಿ ಬಾಣಂತಿ ಅಲ್ವಾ, ಎರಡು ಹನಿ ಹಾಲು ಇಸ್ಕೊಂಡು ಹಾಕಿ" ಅಂದರು. ದಾವಣಗೆರೆಯಿಂದ ಫೋನ್ ಮಾಡಿದ ನನ್ನ ದೊಡ್ಡಪ್ಪನ ಮಗ, ಪಾರಿವಾಳ ಕೊಯ್ದು ಬಿಸಿ ರಕ್ತ ಕೆನ್ನೆಗೆ ಹಚ್ಚಿದರೆ ಮೂರೇ ದಿನ ಅಂದ. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ನಾನು ಫೋನಿನಲ್ಲೇ ಬೈದೆ. ಬಿ.ಎಸ್ಸಿ. ಓದಿದವಳು ನಾನು, ಅದೂ ಸಸ್ಯಶಾಸ್ತ್ರ. ಇಂಥವನ್ನೆಲ್ಲ ಮನೆಯೊಳಕ್ಕೆ ಬಿಡುವುದಿಲ್ಲ ಎಂಬ ಜಂಬ ನನಗಿತ್ತು. ಡಾಕ್ಟರು ಹೇಳಿದ್ದು ಬಿಟ್ಟು ಬೇರೆ ಒಂದು ಹನಿಯನ್ನೂ ಆ ಕಣ್ಣಿಗೆ ಹಾಕಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ.

ಸೋಮವಾರ ನಮ್ಮಲ್ಲಿ ಶಿವನಿಗೆ ಬಿಳಿ ಎಕ್ಕದ ಹೂ ಏರಿಸುವುದು ಮಾವನವರ ಕಾಲದಿಂದ ನಡೆದು ಬಂದಿದೆ. ಮಾರ್ಕೆಟ್ಟಿನಲ್ಲಿ ಕೊಂಡರೆ ಆಗದು, ಸ್ನಾನ ಮಾಡಿ ಕೈಯಾರೆ ಬಿಡಿಸಿ ತರಬೇಕು. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಯಾರದೋ ಕೇಸು ನಡೆಯುತ್ತಿದೆಯಂತೆ. ಹಾಗಾಗಿ ಅದು ಊರಿನ ಕಸದ ತೊಟ್ಟಿ. ಒಡೆದ ಕಮೋಡು, ಬಿರಿಯಾನಿ ಡಬ್ಬಿ, ಮಕ್ಕಳ ಡೈಪರ್. ಗೋಡೆಯ ಮೇಲೆ ದೇವರ ಟೈಲ್ಸ್ ಅಂಟಿಸಿದ್ದರೂ ಅದರ ಪಕ್ಕಕ್ಕೆ ಸರಿದು ಉಚ್ಚೆ ಹೊಯ್ಯುತ್ತಾರೆ. ಆ ಹೊಲಸಿನ ನಡುವೆ ಆಳೆತ್ತರ ಎಕ್ಕದ ಗಿಡಗಳು ಕೊಬ್ಬಿ ನಿಂತಿವೆ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಾಲಿಟ್ಟಲ್ಲೆಲ್ಲ ನೋಡಿಕೊಂಡು ಹೋಗಿ ಶಿವನಿಗೆ ಹೂ ಬಿಡಿಸುತ್ತಿದ್ದೆ. ತೊಟ್ಟು ಮುರಿದ ಕಡೆ ಬಿಳಿ ಹಾಲು ಜಿನುಗುತ್ತದೆ. ಬೆರಳಿಗೆ ಅಂಟುತ್ತದೆ. ಅದು ಎಂದೂ ಹೇಸಿಗೆ ಅನ್ನಿಸಲಿಲ್ಲ. ದೇವರ ಹೂವಿನದಲ್ಲವೇ.

ಕಾರ್ತಿಕದ ಕೊನೆಯ ಸೋಮವಾರ. ಅಷ್ಟು ಹೊತ್ತಿಗೆ ಅವರ ಬಾಯಿ ನೆಟ್ಟಗಾಗಿತ್ತು, ಕೆನ್ನೆ ಮೇಲೆದ್ದಿತ್ತು, ರೆಪ್ಪೆ ಮಾತ್ರ ಇನ್ನೂ ಹಟ ಮಾಡುತ್ತಿತ್ತು. ಅದೂ ಸರಿಹೋಗಲಿ ಎಂದು ನೂರೆಂಟು ಹೂ ಏರಿಸುತ್ತೇನೆಂದು ಹರಸಿಕೊಂಡಿದ್ದೆ. ಬೆಳಗ್ಗೆ ಎದ್ದವಳೇ ಸ್ನಾನ ಮಾಡಿ, ಸೈಟಿಗೆ ಹೋಗಿ, ಎಣಿಸಿ ಎಣಿಸಿ ಬಿಡಿಸಿ ತಂದೆ. ಮನೆಗೆ ಬಂದು ಒಂದೊಂದರ ತೊಟ್ಟನ್ನೂ ಉಗುರಿನಿಂದ ಚಿವುಟಿ ತಟ್ಟೆಗೆ ಹಾಕುತ್ತ ಕೂತೆ. ಬಾಲ್ಕನಿಯಿಂದ ಅವರ ದನಿ ಬಂತು.

"ಏನೇ, ನಿನ್ನ ಶಿವ ಎದ್ನಾ ಇಲ್ವಾ? ಇಲ್ಲೊಬ್ಬ ಕಣ್ಣು ಕಟ್ಕೊಂಡು ಕೂತಿದಾನೆ."

"ಪೂಜೆ ಆಗ್ಲಿ ಇರ್ರೀ. ಅದನ್ನ ಮುಟ್ಟಿ ಹೂ ಮುಟ್ಟಕ್ಕಾಗಲ್ಲ ನಂಗೆ."

"ಅದನ್ನ ಅಂದ್ರೆ ನನ್ನ ಕಣ್ಣನ್ನ?"

"ಹೂಂ, ನಿಮ್ಮ ಕಣ್ಣನ್ನೇ."

"ಆಯ್ತು ತಾಯಿ. ದೇವರು ದೊಡ್ಡೋನು, ನಾನು ಕಾಯ್ತೀನಿ."

ಇಬ್ಬರೂ ನಕ್ಕೆವು. ಆ ನಗುವನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ನನ್ನ ಲೆಕ್ಕ ಹೀಗಿತ್ತು: ಕಣ್ಣು ಹೊಲಸು, ಹೂ ಶುದ್ಧ. ಹೊಲಸಿನಿಂದ ಹೂವಿಗೆ ಹೋಗಬಾರದು. ಹೂವಿನಿಂದ ಹೊಲಸಿಗೆ ಹೋಗಬಹುದು. ಪೂಜೆ ಮುಗಿಸಿದ ಕೈಗಿಂತ ಶುದ್ಧವಾದದ್ದು ಇನ್ನೇನಿದೆ? ಆ ಕೈಯನ್ನು ಸೀರೆಯ ತುದಿಗೆ ಒರೆಸಿಕೊಂಡು ನೇರ ಬಾಲ್ಕನಿಗೆ ಹೋದೆ. ಬೆಚ್ಚಗಿನ ನೀರಿನ ಬಟ್ಟಲಲ್ಲಿ ಹತ್ತಿಯ ಜೊತೆಗೆ ಬೆರಳುಗಳನ್ನೂ ಅದ್ದಿದೆ. ಟೇಪು ನೆನೆಸಿದೆ. ಅವತ್ತು ಬೆರಳು ಟೇಪಿಗೆ ಅಂಟುತ್ತಿತ್ತು. ಮುಲಾಮಿನ ಜಿಡ್ಡು ಅಂದುಕೊಂಡೆ. ಗೀಜು ಜಾಸ್ತಿ ಇತ್ತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಎತ್ತಿ ಹಿಡಿದು, ಒಳಗಿನ ಎಳೆಯನ್ನು ಬೆರಳ ತುದಿಯಿಂದಲೇ ತೆಗೆದೆ. ಸರಿಯಾಗಿ ನೋಡಿದ್ದರೆ ಬೆರಳ ತುದಿ ಬೆಳ್ಳಗಿದ್ದದ್ದು ಕಾಣುತ್ತಿತ್ತೋ ಏನೋ. ನಾನು ನೋಡಲಿಲ್ಲ. ಅಸಹ್ಯಪಡುವವರು ನೋಡುವುದಿಲ್ಲ.

ಅವರು ಕುರ್ಚಿಯ ಕೈ ಹಿಡಿಯಲಿಲ್ಲ. ಹಲ್ಲು ಕಚ್ಚಲಿಲ್ಲ. "ಏನೇ, ಇವತ್ತು ಉರೀನೇ ಇಲ್ಲ ಕಣೇ!" ಅಂದರು.

"ನಿಜವಾಗ್ಲೂ?"

"ಆಣೆಗೂ ಇಲ್ಲ. ತಣ್ಣಗಿದೆ. ಕಣ್ಣೇ ಇಲ್ಲದಂಗಿದೆ."

ನನಗೆ ಕಣ್ಣಲ್ಲಿ ನೀರು ಬಂತು. ದೇವರ ಮನೆಗೆ ಹೋಗಿ ಅಡ್ಡಬಿದ್ದೆ. ಕೇಸರಿಬಾತ್ ಮಾಡಿದೆ, ಎದುರು ಮನೆಗೂ ಒಂದು ಬಟ್ಟಲು ಕಳಿಸಿದೆ. ಅವರು ಸಿಳ್ಳೆ ಹೊಡೆಯುತ್ತ ಸ್ಕೂಟರ್ ಸ್ಟಾರ್ಟ್ ಮಾಡಿ ಅಂಗಡಿಗೆ ಹೋದರು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅದು ಮೊದಲು ನೋವನ್ನು ಮರಗಟ್ಟಿಸುತ್ತದೆ, ಹಾಗಾಗಿಯೇ ಜನ ಆಸ್ಪತ್ರೆಗೆ ಬರಲು ತಡಮಾಡುತ್ತಾರೆ ಎಂಬುದು ನನಗೆ ಅವತ್ತೇ ಸಂಜೆ ತಿಳಿಯಿತು. ಆ ಕಣ್ಣಿನಲ್ಲಿ ಅವರು ಸಿಗ್ನಲ್ಲು, ಬಸ್ಸು ದಾಟಿಕೊಂಡು ವಿಜಯನಗರದವರೆಗೆ ಸ್ಕೂಟರ್ ಓಡಿಸಿದ್ದರು.

ಹನ್ನೊಂದರ ಹೊತ್ತಿಗೆ ಫೋನ್ ಬಂತು. "ಅಂಗಡಿ ತುಂಬ ಹೊಗೆ ಕಣೇ. ಊದಿನಕಡ್ಡಿ ಎಲ್ಲಾ ಆರಿಸ್ದೆ, ಆದ್ರೂ ಹೊಗೆ" ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಟ್ಯೂಬ್‌ಲೈಟ್ ಸುತ್ತ ಕಾಮನಬಿಲ್ಲು ಕಾಣ್ತಿದೆ. ಒಬ್ಬರು ಈರುಳ್ಳಿ ಬಣ್ಣದ ಸೀರೆ ತಂದಿದ್ರು, ನಾನು ಬೂದಿ ಬಣ್ಣ ಕೊಟ್ಟೆ. ಆಯಮ್ಮ ತಮಾಷೆ ಅಂದ್ಕೊಂಡ್ರು" ಅಂದರು.

ಆಟೋದಲ್ಲಿ ಹೋದೆ. ಶಟರ್ ಅರ್ಧ ಎಳೆದುಕೊಂಡು, ಕಟ್ಟಿಗೆಯ ಸ್ಟೂಲಿನ ಮೇಲೆ ಕೂತಿದ್ದರು. ಹತ್ತಿರ ಹೋಗಿ ನೋಡಿದೆ. ಕಣ್ಣಿನ ಕಪ್ಪು ಕಪ್ಪಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು.

"ಯಾರು, ನೀನೇನಾ?" ಅಂದರು. ನಾನು ಒಂದು ಮಾರು ದೂರದಲ್ಲಿದ್ದೆ.

ರಾಜಾಜಿನಗರದ ಕಣ್ಣಾಸ್ಪತ್ರೆಯಲ್ಲಿ ನಮ್ಮ ಸರದಿ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ಆಗ ನನ್ನ ಬೆರಳು ನೋಡಿಕೊಂಡೆ. ಉಗುರಿನ ಸುತ್ತ ಅಂಟು ಒಣಗಿ, ಧೂಳು ಕೂತು, ಕಂದು ಗೆರೆಯಾಗಿತ್ತು. ಕೆರೆದರೆ ರಬ್ಬರಿನಂತೆ ಸುರುಳಿ ಸುತ್ತಿ ಬಂತು. ಕಾಲೇಜಿನ ಪ್ರಾಕ್ಟಿಕಲ್ಸ್‌ನಲ್ಲಿ ಇದೇ ಗಿಡದ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಹಾಲಿನ ನಾಳಗಳನ್ನು ಪೆನ್ಸಿಲಿನಲ್ಲಿ ಚಿತ್ರಿಸಿದ್ದೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ ಎಂದು ಮೇಷ್ಟ್ರು ಮೂರು ಸಲ ಹೇಳಿದ್ದರು. ಎಲ್ಲವೂ ಒಮ್ಮೆಗೇ ಗೊತ್ತಾಯಿತು. ಆಸ್ಪತ್ರೆಯ ಬೇಸಿನ್ನಿಗೆ ಹೋಗಿ, ಕೇಸರಿಬಾತ್ ಎಲ್ಲ ಹೊರಗೆ ಹಾಕಿ ಬಂದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ನೋಡಿ, ಯಂತ್ರದಿಂದ ಮುಖ ತೆಗೆಯದೆಯೇ ಕೇಳಿದರು. "ಸಾರ್, ಬೆಳಗ್ಗೆಯಿಂದ ಏನೇನ್ ಹಾಕಿದ್ರಿ ಕಣ್ಣಿಗೆ?"

"ಅದೇ ಡ್ರಾಪ್ಸು ಮೇಡಂ. ಬೇರೆ ಏನೂ ಇಲ್ಲ. ನಮ್ಮ ಮನೆಯವರು ಬೇರೆ ಏನೂ ಮುಟ್ಟಿಸೋದಿಲ್ಲ" ಎಂದು ಅವರು ಹೆಮ್ಮೆಯಿಂದಲೇ ಹೇಳಿದರು.

"ನಿಜಾನಾ ಅಮ್ಮ? ನಾಟಿ ಔಷಧಿ, ಸೊಪ್ಪಿನ ರಸ, ಗಿಡದ ಹಾಲು, ಏನಾದ್ರೂ?"

"ಇಲ್ಲ ಮೇಡಂ" ಅಂದೆ.

ಹೌದು, ಹಾಗೇ ಅಂದೆ. ನಾಲಿಗೆ ತಾನೇ ಹೇಳಿಬಿಟ್ಟಿತು. ಎಡಗೈಯಿಂದ ಬಲಗೈ ಬೆರಳುಗಳನ್ನು ಮುಚ್ಚಿಕೊಂಡಿದ್ದೆ. ಪಾರಿವಾಳದ ರಕ್ತಕ್ಕೆ ಬೈದವಳು, ಬಾಣಂತಿ ಹಾಲಿಗೆ ಮೂಗು ಮುರಿದವಳು, ಈ ಹುಡುಗಿಯ ಮುಂದೆ ಎಕ್ಕದ ಹಾಲು ಹಾಕಿದೆ ಎಂದು ಹೇಗೆ ಹೇಳಲಿ? ಡಾಕ್ಟರು ತಲೆಯಾಡಿಸಿ, "ಹಾಗಾದ್ರೆ ಇದು ಸೋಂಕೇ ಇರ್ಬೇಕು. ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸ್ತೀನಿ. ಎರಡು ದಿನ ನೋಡಿ ಮುಂದಿನದು ಹೇಳ್ತೀನಿ" ಎಂದು ಬರೆಯತೊಡಗಿದರು.

"ಗಿಡದ ಹಾಲೇ ಆಗಿದ್ರೆ ಏನ್ ಮಾಡ್ತಿದ್ರಿ ಮೇಡಂ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಈಗ್ಲೇ ತೊಳೆದು ಸ್ಟೀರಾಯ್ಡ್ ಶುರು ಮಾಡ್ತಿದ್ದೆ. ಸೋಂಕಿದ್ದಾಗ ಅದನ್ನ ಕೊಟ್ರೆ ಕಣ್ಣು ಕೆಡುತ್ತೆ. ಹಾಲು ಬಿದ್ದಾಗ ಕೊಡದೆ ಬಿಟ್ರೂ ಕೆಡುತ್ತೆ. ಅದಕ್ಕೇ ಕೇಳಿದ್ದು." ಪೆನ್ನು ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ನನ್ನ ಮುಚ್ಚಿದ ಕೈ.

ನನ್ನ ಗಂಡ ಗಲ್ಲವನ್ನು ಇನ್ನೂ ಆ ಯಂತ್ರದ ಮೇಲೇ ಇಟ್ಟು ಕೂತಿದ್ದರು. ಅವರ ಬೆನ್ನು ನನಗೆ ಕಾಣುತ್ತಿತ್ತು. ಆ ಬೆನ್ನಿಗೆ ಹೇಳಿದೆ. "ಎಕ್ಕದ್ದು. ನನ್ನ ಕೈಯಲ್ಲಿತ್ತು. ತೊಳೀಲಿಲ್ಲ."

ಯಾರೂ ಬೈಯಲಿಲ್ಲ. ಡಾಕ್ಟರು ಎದ್ದು ಸಿಸ್ಟರನ್ನು ಕರೆದು, ಬಾಟಲಿಗಟ್ಟಲೆ ಸಲೈನ್ ಸುರಿದು ಕಣ್ಣು ತೊಳೆಸಿದರು. "ಹೂ ಕೀಳೋರು ಬರ್ತಾನೇ ಇರ್ತಾರೆ ಅಮ್ಮ, ನೀವೊಬ್ರೇ ಅಲ್ಲ" ಅಂದರು. ನನಗೆ ಸಮಾಧಾನ ಮಾಡಲು ಅಂದದ್ದು. ನನಗೆ ಇನ್ನಷ್ಟು ಹೇಸಿಗೆಯಾಯಿತು. ಪದವಿ ಪಡೆದ ನಾನು ಆ ಬಂದವರ ಸಾಲಿನಲ್ಲಿ ಒಬ್ಬಳು. ಅವರಲ್ಲೂ ಸುಳ್ಳು ಹೇಳಿದವಳು. ಹಾಲು ಬಿದ್ದದ್ದು ತಿಳಿಯದೆ ಮಾಡಿದ್ದು. ಸುಳ್ಳು ತಿಳಿದೇ ಹೇಳಿದ್ದು. ಡಾಕ್ಟರ ಪೆನ್ನು ಇನ್ನೆರಡು ಸಾಲು ಮುಂದೆ ಹೋಗಿದ್ದರೆ ನಾವು ತಪ್ಪು ಚೀಟಿ ಹಿಡಿದು ಮನೆಗೆ ಬರುತ್ತಿದ್ದೆವು, ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಬಿಡುತ್ತಿದ್ದೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಬರುವುದಿಲ್ಲ.

ವಾಪಸು ಬರುವಾಗ ಆಟೋದಲ್ಲಿ, ಮನೆ ಹತ್ತಿರ ಬಂದಾಗ ಅವರು ಒಂದೇ ಒಂದು ಮಾತು ಕೇಳಿದರು. "ಮೊದಲು ಯಾಕೆ ಇಲ್ಲ ಅಂದೆ?"

"ನಾಚಿಕೆ ಆಯ್ತು ರೀ."

"ಹೂಂ" ಅಂದರು. ಅಷ್ಟೇ.

ಸುದ್ದಿ ಎದುರು ಮನೆಗೆ ಹೋಯಿತು. ಆಂಟಿ ಕೇಸರಿಬಾತಿನ ಬಟ್ಟಲು ವಾಪಸು ಕೊಡಲು ಬಂದವರು, "ಶಿವನ ಹೂವಿಂದ ಯಾರಿಗೂ ಏನೂ ಆಗಲ್ಲಮ್ಮ. ಪೂಜೇಲಿ ಏನೋ ಲೋಪ ಆಗಿರತ್ತೆ, ನೋಡ್ಕೊಳ್ಳಿ" ಅಂದರು. ಬಟ್ಟಲು ತೆಗೆದುಕೊಂಡು ಬಾಗಿಲು ಹಾಕಿದೆ. ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ.

ಮರುದಿನ ಬೆಳಗ್ಗೆ ಅವರು ನನ್ನನ್ನು ಕರೆಯಲಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ತಾವೇ ಟೇಪು ಬಿಚ್ಚಲು ನಿಂತರು. ನಾನು ಬಾಗಿಲ ಹೊರಗೆ ನಿಂತೆ. ಟೇಪಿನ ತುದಿ ಸಿಗದೆ ಅವರು ಉಗುರಿನಿಂದ ಕೆರೆಯುವ ಸದ್ದು ಕೇಳುತ್ತಿತ್ತು. ಎಡಗಣ್ಣಿಗೆ ಕನ್ನಡಿಯೇ ಸರಿಯಾಗಿ ಕಾಣದು, ಟೇಪಿನ ತುದಿ ಎಲ್ಲಿ ಕಂಡೀತು? ಒಮ್ಮೆ "ಹಾ" ಅಂದರು, ರೆಪ್ಪೆಗೂದಲು ಕಿತ್ತುಬಂದಿರಬೇಕು. ಆಮೇಲೆ ನಲ್ಲಿ ನಿಂತಿತು. ಹೊರಗೆ ಬಂದು, ನನ್ನನ್ನು ದಾಟಿ, ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತರು. ಟೇಪು ಅರ್ಧ ಎದ್ದು ಜೋತಾಡುತ್ತಿತ್ತು.

"ಸೋಪು ಹಾಕಿದ್ಯಾ?" ಅಂದರು.

"ಹಾಕಿದೀನಿ ರೀ. ಎರಡು ಸಲ."

"ತೋರ್ಸು."

ಕೈ ಮುಂದೆ ಚಾಚಿದೆ. ನೋಡಲು ಅವರಿಗೆ ಆಗುತ್ತಿರಲಿಲ್ಲ. ಒಂದೊಂದೇ ಬೆರಳನ್ನು ಹಿಡಿದು, ಬಟ್ಟೆಯ ನೇಯ್ಗೆ ಪರೀಕ್ಷಿಸುವಂತೆ ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಮೂಸಿದರು. ಹತ್ತೂ ಬೆರಳು. ನಾನು ಐವತ್ತು ವರ್ಷದವಳು, ಸ್ಕೂಲಿನ ಪ್ರಾರ್ಥನೆಯಲ್ಲಿ ಉಗುರು ತೋರಿಸುವ ಹುಡುಗಿಯಂತೆ ನಿಂತಿದ್ದೆ. ಆಮೇಲೆ ಅವರು ಮುಖ ಮೇಲೆತ್ತಿದರು.

ಟೇಪು ಬಿಡಿಸಿದೆ. ಅದೇ ಗಂಜಿ, ಅದೇ ಹುಳಿ ವಾಸನೆ. ಜೊತೆಗೆ ಈಗ ಔಷಧಿಯ ಕಹಿ. ಗಂಟಲಿಗೆ ಬಂದದ್ದನ್ನು ನುಂಗಿಕೊಂಡೆ. ಹೇಸಿಗೆ ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ; ಆದರೆ ಮುಖ ತಿರುಗಿಸಲಿಲ್ಲ. ಹತ್ತಿ ಎಲ್ಲಿ ಹೋಗುತ್ತಿದೆ, ಎಳೆ ಎಲ್ಲಿದೆ, ಗುಡ್ಡೆ ಎಷ್ಟು ಮಬ್ಬಾಗಿದೆ, ಎಲ್ಲವನ್ನೂ ಕಣ್ಣು ಬಿಟ್ಟು ನೋಡಿಕೊಂಡೇ ಒರೆಸಿದೆ. ಡ್ರಾಪ್ಸ್ ಬಿಟ್ಟೆ. ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು.

"ಉರೀತಿದೆಯಾ?" ಎಂದು ಕೇಳಿದೆ.

"ಉರೀತಿದೆ."

ನನಗೆ ಜೀವ ಬಂದಂತಾಯಿತು. ಹತ್ತಿರ ಬಾಗಿ, "ಏನಾದ್ರೂ ಕಾಣುತ್ತಾ?" ಅಂದೆ.

ತುಂಬ ಹೊತ್ತು ನನ್ನ ಕಡೆಗೇ ನೋಡಿದರು. "ನಿನ್ನ ಮುಖ ಕಾಣುತ್ತೆ" ಅಂದರು. "ಮೂಗು ಇನ್ನೂ ಬಂದಿಲ್ಲ."

ಮೂಗು ಬರಲು ನಾಲ್ಕು ದಿನ ಬೇಕಾಯಿತು.